ಗಂಡನ ಜಗಳವೇ ಬೇರೆ, ತಂದೆಯ ಮೊಕದ್ದಮೆಯೇ ಬೇರೆ

ನನ್ನ ವಿಚ್ಛೇದನ ಮುಗಿದು ಕೆಲವು ವರ್ಷಗಳಾದವು. ಅದೇ ದಾರಿಗೆ ಬಂದು ನಿಂತ ಗಂಡಸರು ಪರಿಚಿತರ ಮೂಲಕ ನನ್ನನ್ನು ಹುಡುಕಿಕೊಂಡು ಬರುವುದುಂಟು, ಅವರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಮಗು ನನಗೆ ಸಿಗುತ್ತದೆಯೇ?" ನಾನು ವಕೀಲನಲ್ಲ, ನಾಲ್ಕು ವರ್ಷ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದ ಒಬ್ಬ ಕಕ್ಷಿದಾರ, ಅಷ್ಟೆ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಇಲ್ಲಿನ ಯಾವ ಮಾತೂ ನಿಮ್ಮ ವಕೀಲರ ಸಲಹೆಯ ಜಾಗದಲ್ಲಿ ನಿಲ್ಲಲಾರದು. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನಾನು ಹೇಳುವ ಮಾತೊಂದಿದೆ: ನ್ಯಾಯಾಧೀಶರು ಆ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ.

ಇದು ನನಗೆ ತಿಳಿದದ್ದು ಒಂದು ಖಾಲಿ ಹಾಳೆಯ ಮುಂದೆ. ಮಧ್ಯಂತರ ಅರ್ಜಿಯ ವಿಚಾರಣೆಗೆ ಮೊದಲು ನ್ಯಾಯಾಲಯದ ಆಪ್ತಸಮಾಲೋಚಕಿಯವರು ನಮ್ಮಿಬ್ಬರನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಕೂರಿಸಿ, ನಾನು ಮನೆ ಬಿಡುವುದಕ್ಕೆ ಮೊದಲಿನ ಯಾವುದಾದರೂ ಒಂದು ಮಂಗಳವಾರ ನಮ್ಮ ಆರು ವರ್ಷದ ಮಗಳ ದಿನ ಹೇಗೆ ಕಳೆಯಿತೆಂಬುದನ್ನು, ಅವಳು ಎದ್ದ ಗಳಿಗೆಯಿಂದ ಮಲಗುವ ಗಳಿಗೆಯವರೆಗೆ ಬರೆದುಕೊಡಿ ಎಂದರು. ನಾನು ಅಂದು ದಪ್ಪನೆಯ ಕಡತವೊಂದನ್ನು ಕಂಕುಳಲ್ಲಿಟ್ಟುಕೊಂಡು ಹೋಗಿದ್ದೆ: ಸಂಬಳದ ಚೀಟಿಗಳು, ಮನೆ ಸಾಲದ ಕಂತಿನ ರಸೀದಿಗಳು, ಹೆಂಡತಿ ಸಿಟ್ಟಿನಲ್ಲಿ ಕಳಿಸಿದ ಸಂದೇಶಗಳ ಮುದ್ರಿತ ಪ್ರತಿಗಳು. ಅದರಲ್ಲಿ ಒಂದೂ ಆ ಹಾಳೆಗೆ ಒದಗಲಿಲ್ಲ. ಏಳಕ್ಕೆ ಏಳುತ್ತಾಳೆ, ಎಂಟಕ್ಕೆ ಶಾಲೆಯ ಬಸ್ಸು, ರಾತ್ರಿ ಎಂಟಕ್ಕೆ ನಾನು ಬರುತ್ತೇನೆ, ಒಂಬತ್ತಕ್ಕೆ ನಿದ್ದೆ ಎಂದು ನಾಲ್ಕು ಸಾಲು ಬರೆದೆ. ನಡುವಿನ ಹನ್ನೆರಡು ಗಂಟೆ ಬಿಳಿಯಾಗಿಯೇ ಉಳಿಯಿತು. ಅವಳಿಗೆ ಉಬ್ಬಸವಿತ್ತು, ಇನ್‌ಹೇಲರ್ ಬ್ಯಾಗಿನಲ್ಲಿರುತ್ತದೆ ಎಂದು ಗೊತ್ತಿತ್ತು, ಯಾವ ಜೇಬಿನಲ್ಲಿ ಎಂದು ಗೊತ್ತಿರಲಿಲ್ಲ. ನಾನು ಕೆಟ್ಟ ತಂದೆಯಾಗಿರಲಿಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ಗಂಡನಾಗಿ ನನಗಾದ ಅನ್ಯಾಯಕ್ಕೆ ಸಾಕ್ಷ್ಯವನ್ನು ಗುಡ್ಡೆ ಹಾಕಿಕೊಂಡು, ತಂದೆಯಾಗಿ ಬರಿಗೈಯಲ್ಲಿ ಹೋಗಿದ್ದೆ.

ನ್ಯಾಯಾಲಯಗಳು ಎಂದಿನಿಂದಲೂ ತಾಯಂದಿರ ಪರ ಎಂಬ ಮಾತು ತಂದೆಯಂದಿರಲ್ಲಿ ಬಹಳ ಓಡಾಡುತ್ತದೆ, ಆದರೆ ಕಾನೂನು ನಡೆದುಬಂದ ದಾರಿ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳವರೆಗೂ ಮದುವೆಯಿಂದ ಹುಟ್ಟಿದ ಮಕ್ಕಳ ಮೇಲೆ ತಂದೆಗೆ ಹೆಚ್ಚುಕಡಿಮೆ ಪೂರ್ಣ ಅಧಿಕಾರವಿತ್ತು. 1836ರಲ್ಲಿ ಗಂಡನಿಂದ ಬೇರೆಯಾಗಿ, ತನ್ನ ಮೂವರು ಗಂಡುಮಕ್ಕಳಿಂದ ದೂರವಾದ ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ ನಡೆಸಿದ ಹೋರಾಟದ ಬೆನ್ನಲ್ಲೇ 1839ರ ಶಾಸನ ಬಂದು, ಏಳು ವರ್ಷದೊಳಗಿನ ಮಕ್ಕಳ ಸುಪರ್ದಿಗಾಗಿ ತಾಯಿಯೂ ಅರ್ಜಿ ಸಲ್ಲಿಸಲು ಅವಕಾಶವಾಯಿತು. ಎಳೆಯ ಮಗು ತಾಯಿಯ ಬಳಿಯೇ ಇರಬೇಕೆಂಬ ತತ್ವ ಬೆಳೆದದ್ದು ಆಮೇಲೆ, ಮತ್ತು ಅದರ ನೆರಳು ಹಲವು ಕಾನೂನುಗಳಲ್ಲಿ ಇಂದಿಗೂ ಉಳಿದಿದೆ. ಭಾರತದ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯೂ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುತ್ತದೆ. ಆದರೆ ಅದೇ ಕಾಯಿದೆಯ 13ನೆಯ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದೂ ಸಾರುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೆಯ ವಿಧಿಯಂತೂ, ಬೇರೆಯಾದ ತಂದೆತಾಯಿಯರಿಬ್ಬರೊಡನೆಯೂ ನಿಯಮಿತವಾಗಿ ನೇರ ಸಂಪರ್ಕ ಇಟ್ಟುಕೊಳ್ಳುವುದು, ಅದು ತನ್ನ ಹಿತಕ್ಕೆ ಮಾರಕವಾಗದಿದ್ದಲ್ಲಿ, ಮಗುವಿನ ಹಕ್ಕು ಎನ್ನುತ್ತದೆ. ಹಕ್ಕು ಮಗುವಿನದು ಎಂಬುದನ್ನು ಗಮನಿಸಿ. ನಿಮ್ಮ ಅರ್ಜಿಯಲ್ಲಿ "ನನ್ನ ಹಕ್ಕು" ಎಂದಿರುವ ಕಡೆಯೆಲ್ಲ "ಮಗುವಿಗೆ ತಂದೆಯ ಅಗತ್ಯ" ಎಂದು ಓದಿ ನೋಡಿ. ವಾಕ್ಯ ನಿಂತರೆ ಇಟ್ಟುಕೊಳ್ಳಿ, ಬಿದ್ದರೆ ಹೊಡೆದುಹಾಕಿ.

ಸಮಪಾಲು ತನ್ನಷ್ಟಕ್ಕೆ ಬರುತ್ತದೆಂದು ನಂಬಿ ಕೂರುವುದೂ ಬೇಡ. ಆಸ್ಟ್ರೇಲಿಯಾ 2006ರಲ್ಲಿ ತಂದೆತಾಯಿಯರಿಗೆ ಸಮಾನ ಹೊಣೆ ಇದೆಯೆಂದು ಮೊದಲೇ ಊಹಿಸಿಕೊಳ್ಳುವ ನಿಯಮವನ್ನು ತಂದಿತು. ಹೊಣೆ ಸಮಾನ ಎಂದದ್ದನ್ನು ದಿನಗಳೂ ಸಮಾನ ಎಂದು ಜನ ತಪ್ಪು ತಿಳಿಯುತ್ತಾ ಹೋದರು, ಕೊನೆಗೆ 2024ರ ಮೇ ತಿಂಗಳಿಂದ ಆ ನಿಯಮವೇ ಹೋಯಿತು. ಜಪಾನ್ ಅದೇ ವರ್ಷ ಇನ್ನೊಂದು ದಿಕ್ಕಿಗೆ ತಿರುಗಿ, ವಿಚ್ಛೇದನದ ನಂತರವೂ ಜಂಟಿ ಪಾಲಕತ್ವಕ್ಕೆ ಎಡೆ ಮಾಡಿಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಕಾನೂನಿನ ಗಾಳಿ ಹೀಗೆ ಅತ್ತಿತ್ತ ಬೀಸುತ್ತಲೇ ಇರುತ್ತದೆ. ನಿಮ್ಮ ನ್ಯಾಯಾಧೀಶರ ಮುಂದೆ ಇರುವುದು ನಿಮ್ಮ ಮಗುವಿನ ಮಂಗಳವಾರ ಮಾತ್ರ.

ನನ್ನ ಎಲ್ಲ ತಪ್ಪುಗಳಲ್ಲಿ ದೊಡ್ಡದು ಮನೆ ಬಿಟ್ಟದ್ದು. ಬಿಟ್ಟದ್ದಕ್ಕಿಂತಲೂ ಬಿಟ್ಟ ರೀತಿ. ದಿನವೂ ನಡೆಯುತ್ತಿದ್ದ ಜಗಳ ಮಗಳ ಕಿವಿಗೆ ಬೀಳಬಾರದೆಂಬ ಸದುದ್ದೇಶದಿಂದ ಒಂದು ರಾತ್ರಿ ಎರಡು ಜೊತೆ ಬಟ್ಟೆ ಹಿಡಿದು ಸ್ನೇಹಿತನ ಕೊಠಡಿಗೆ ಹೋದೆ. ವಾರದಲ್ಲಿ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಏಳು ತಿಂಗಳಾಗಿತ್ತು, ಆ ಏಳು ತಿಂಗಳಲ್ಲಿ ಮಗಳು ತಾಯಿಯ ಜೊತೆಗೇ ಇದ್ದು ಶಾಲೆ, ಸ್ನೇಹಿತರು, ವೈದ್ಯರು ಎಲ್ಲವೂ ಒಂದು ಹದಕ್ಕೆ ಬಂದಿದ್ದವು. ಹೀಗೆ ನೆಲೆಗೊಂಡ ಮಗುವನ್ನು ಬಲವಾದ ಕಾರಣವಿಲ್ಲದೆ ಕದಲಿಸಲು ಯಾವ ನ್ಯಾಯಾಧೀಶರೂ ಹಿಂಜರಿಯುತ್ತಾರೆ, ಹಿಂಜರಿಯಬೇಕಾದದ್ದೂ ಸರಿಯೇ. ಮಧ್ಯಂತರ ಆದೇಶವೆಂಬುದು ಹೆಸರಿಗೆ ತಾತ್ಕಾಲಿಕ. ಮೊಕದ್ದಮೆ ವರ್ಷಗಟ್ಟಲೆ ಎಳೆದಾಗ ಅಂತಿಮ ಆದೇಶ ಅದರ ಅಚ್ಚಿನಲ್ಲೇ ಎರಕಗೊಳ್ಳುತ್ತದೆ. ಆದ್ದರಿಂದ ಮನೆಯೊಳಗೆ ಯಾರಿಗೂ ಅಪಾಯವಿಲ್ಲದಿದ್ದರೆ, ಹೊಸ್ತಿಲು ದಾಟುವ ಮೊದಲೇ ವಕೀಲರನ್ನು ಕಂಡು, ಮಗು ಯಾವ ದಿನ ಯಾರ ಬಳಿ ಎಂಬುದನ್ನು ಒಂದೇ ಪುಟದಲ್ಲಾದರೂ ಬರಹಕ್ಕಿಳಿಸಿ ಇಬ್ಬರೂ ಸಹಿ ಮಾಡಿಕೊಳ್ಳಿ. ಅದಕ್ಕೆ ಆ ಕಡೆಯವರು ಒಪ್ಪದಿದ್ದರೆ ಮಧ್ಯಂತರ ಭೇಟಿಯ ಅರ್ಜಿಯನ್ನು ತಡಮಾಡದೆ ಹಾಕಿಸಿ. ಅಪಾಯವಿದ್ದರೆ, ಅಥವಾ ಸಿಟ್ಟಿನಲ್ಲಿ ನಿಮ್ಮ ಕೈ ಮೇಲೇಳಬಹುದೆಂಬ ಭಯ ನಿಮಗೇ ಇದ್ದರೆ, ಕಾಯದೆ ಹೊರಗೆ ಬನ್ನಿ, ಮಾರನೆಯ ದಿನವೇ ಅರ್ಜಿ ಹಾಕಿ. ಹಾಗೆಂದು ಮಗುವನ್ನು ಎತ್ತಿಕೊಂಡು ಹೊರಡಬೇಡಿ. ಗುಟ್ಟಾಗಿ ಮಗುವನ್ನು ಸ್ಥಳಾಂತರಿಸಿದ ತಂದೆ ಮುಂದೆ ಎಷ್ಟೇ ಒಳ್ಳೆಯವನಾಗಿ ನಡೆದರೂ ಆ ಒಂದು ರಾತ್ರಿ ಕಡತದ ಮೊದಲ ಪುಟದಲ್ಲಿ ಕೂತಿರುತ್ತದೆ.

ಗಡಿ ದಾಟುವ ಮಾತು ಬಂದರೆ ಇದು ಇನ್ನೂ ಗಂಭೀರ. 1980ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ, ತಪ್ಪು ರೀತಿಯಲ್ಲಿ ಕರೆದೊಯ್ದ ಮಗುವನ್ನು ಅದು ವಾಡಿಕೆಯಾಗಿ ನೆಲೆಸಿದ್ದ ದೇಶಕ್ಕೆ ಬೇಗನೆ ಮರಳಿಸುವುದು ಸಾಮಾನ್ಯ ನಿಯಮ. ಸುಪರ್ದಿಯ ವಾದವೆಲ್ಲ ಅಲ್ಲಿಯ ನ್ಯಾಯಾಲಯದಲ್ಲೇ. ಮಗುವನ್ನು ಕರೆದೊಯ್ದವರು ಆ ಕಡೆಯವರಾದರೆ ದಿನಗಳನ್ನು ಎಣಿಸಿ: ಒಂದು ವರ್ಷದೊಳಗೆ ಪ್ರಕರಣ ಆರಂಭವಾಗದೆ ಮಗು ಹೊಸ ಊರಿನಲ್ಲಿ ಒಗ್ಗಿಹೋದರೆ, ಮರಳಿಸಬೇಕೆಂಬ ಕಟ್ಟುಪಾಡು ಸಡಿಲವಾಗುತ್ತದೆ. ಭಾರತ ಈ ಒಪ್ಪಂದಕ್ಕೆ ಸೇರಿಲ್ಲ, ಆದ್ದರಿಂದ ಅಲ್ಲಿಗೆ ಬಂದ ಮಗುವಿನ ವಿಷಯದಲ್ಲಿ ಅಲ್ಲಿನ ನ್ಯಾಯಾಲಯಗಳೇ ಮಗುವಿನ ಹಿತವನ್ನು ತೂಗಿ ನೋಡುತ್ತವೆ. ಪಾಸ್‌ಪೋರ್ಟ್ ಯಾರ ಬಳಿ ಇರಬೇಕೆಂಬುದನ್ನು ಮಧ್ಯಂತರ ಆದೇಶದಲ್ಲೇ ಬರೆಸಿಕೊಳ್ಳುವುದು ಜಾಣತನ.

ಮದುವೆಯಾಗದೆ ತಂದೆಯಾದವರು ಇನ್ನೂ ಒಂದು ಹೆಜ್ಜೆ ಹಿಂದಿನಿಂದ ಹೊರಡಬೇಕಾಗುತ್ತದೆ; ಮೊದಲು ತಾವು ಕಾನೂನಿನ ಕಣ್ಣಿನಲ್ಲಿ ತಂದೆ ಎಂಬುದನ್ನೇ ಸ್ಥಾಪಿಸಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪೀಟರ್ ಸ್ಟ್ಯಾನ್ಲಿ ಎಂಬಾತ ಹದಿನೆಂಟು ವರ್ಷ ಆಗಾಗ ಸಂಗಾತಿಯ ಜೊತೆಗಿದ್ದು ಮೂವರು ಮಕ್ಕಳ ತಂದೆಯಾಗಿದ್ದರೂ, ಆಕೆ ತೀರಿಕೊಂಡಾಗ ಮಕ್ಕಳು ಸರ್ಕಾರದ ಪಾಲಾದರು, ಏಕೆಂದರೆ ಅಲ್ಲಿನ ಕಾನೂನು ಅವಿವಾಹಿತ ತಂದೆಯನ್ನು ಪಾಲಕನೆಂದೇ ಗಣಿಸುತ್ತಿರಲಿಲ್ಲ. ಆತ ಯೋಗ್ಯನೋ ಅಲ್ಲವೋ ಎಂದು ವಿಚಾರಣೆ ನಡೆಸದೆ ಮಕ್ಕಳನ್ನು ಕಸಿಯುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1972ರಲ್ಲಿ ತೀರ್ಪಿತ್ತಿತು. ಇಂಗ್ಲೆಂಡಿನಲ್ಲಿ 2003ರ ಡಿಸೆಂಬರ್ 1ರಿಂದ ಈಚೆಗೆ ತಾಯಿಯೊಡನೆ ಸೇರಿ ಜನನ ನೋಂದಣಿ ಮಾಡಿಸಿದ ಅವಿವಾಹಿತ ತಂದೆಗೆ ಪಾಲಕ ಹೊಣೆ, ಅಂದರೆ ಮಗುವಿನ ವಿಷಯಗಳನ್ನು ತೀರ್ಮಾನಿಸುವ ಅಧಿಕಾರ, ದೊರೆಯುತ್ತದೆ. ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರಿದೆಯೇ ಎಂದು ಇಂದೇ ನೋಡಿ.

ಈಗ ಸಾಕ್ಷ್ಯದ ವಿಷಯ. ಆ ಹಾಳೆಯ ಅವಮಾನದ ಮರುದಿನವೇ ನಾನೊಂದು ನೋಟ್‌ಬುಕ್ ಕೊಂಡೆ. ಮಗಳು ನನ್ನೊಡನಿದ್ದ ಪ್ರತಿ ದಿನವೂ ರಾತ್ರಿ ಐದಾರು ಸಾಲು: ಎಷ್ಟು ಹೊತ್ತಿಗೆ ಬಂದಳು, ಏನು ಓದಿದಳು, ಎಷ್ಟು ಬಾರಿ ಕೆಮ್ಮಿದಳು, ಇನ್‌ಹೇಲರ್ ಯಾವಾಗ ಕೊಟ್ಟೆ, ವೈದ್ಯರು ಏನೆಂದರು, ಯಾವಾಗ ಹಿಂದಕ್ಕೆ ಬಿಟ್ಟೆ. ಅದರಲ್ಲಿ ಹೆಂಡತಿಯ ಬಗ್ಗೆ ಒಂದು ಅಕ್ಷರವನ್ನೂ ಬರೆಯಕೂಡದೆಂದು ನನಗೆ ನಾನೇ ವಿಧಿಸಿಕೊಂಡಿದ್ದೆ, ಎರಡು ಕಡೆ ತಪ್ಪಿದ್ದೇನೆ. ಪಾಟೀಸವಾಲಿನ ದಿನ ಎದುರು ವಕೀಲರು ಓದಿಸಿದ್ದು ಆ ಎರಡು ಕಡೆಗಳನ್ನೇ! ಆದರೂ ಅಂದಂದೇ ಬರೆದಿಟ್ಟ, ತಾರೀಖಿರುವ, ಸಿಟ್ಟಿಲ್ಲದ ಟಿಪ್ಪಣಿಗೆ ಇರುವ ತೂಕ ಕಟಕಟೆಯಲ್ಲಿ ನೆನಪಿನಿಂದ ಆಡಿದ ಮಾತಿಗೆ ಇರುವುದಿಲ್ಲ. ಶಾಲೆಯ ಸಭೆಗಳ ಹಾಜರಿ, ಲಸಿಕೆಯ ಕಾರ್ಡಿನ ಮೇಲಿನ ಸಹಿ, ಶಿಕ್ಷಕಿಗೆ ಕಳಿಸಿದ ಇಮೇಲ್ ಇವೆಲ್ಲ ಯಾರೂ ಹೇಳಿಕೊಡದೆ ಮಾತಾಡುವ ಸಾಕ್ಷಿಗಳು.

ಸಂದೇಶಗಳಿಗೂ ಇದೇ ಮಾತು. ಒಂದು ಸಂದೇಶವನ್ನು ನ್ಯಾಯಾಧೀಶರು ಗಟ್ಟಿಯಾಗಿ ಓದಿದರೆ ತಲೆ ತಗ್ಗಿಸಬೇಕಾದೀತೇ ಎಂದು ಕೇಳಿಕೊಂಡು ಆಮೇಲೆ ಕಳಿಸಿ. ಸಾಮಾಜಿಕ ಜಾಲತಾಣದಲ್ಲಿ ಮೊಕದ್ದಮೆಯ ಬಗ್ಗೆ ಬರೆಯುವುದು, ನಾಲ್ಕು ಜನರ ಮೆಚ್ಚುಗೆಗಾಗಿ ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಿದಂತೆ. ಮಗುವಿನ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸುವವರನ್ನು ನಾನು ಕಂಡಿದ್ದೇನೆ. ಎಷ್ಟೋ ಕಡೆ ಅದು ಕಾನೂನಿನ ತೊಡಕಿಗೆ ಸಿಕ್ಕಿಸುತ್ತದೆ, ಅದಿಲ್ಲದಿದ್ದರೂ ಮಗುವಿನ ಬಾಯಿಂದ ಮಾತು ಹೊರಡಿಸಲು ನೀವು ಕೇಳಿದ ಪ್ರಶ್ನೆಗಳೂ ಅದೇ ಮುದ್ರಣದಲ್ಲಿ ಉಳಿದು ನಿಮ್ಮನ್ನೇ ಅಳೆಯುತ್ತವೆ.

ಮಗುವಿನ ಮಾತಿಗೆ ಬೆಲೆ ಇಲ್ಲವೆಂದಲ್ಲ. ಮೇಲೆ ಹೇಳಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ, ತನ್ನದೇ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಮಗುವಿಗೆ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಾತಾಡುವ ಹಕ್ಕನ್ನು ಕೊಟ್ಟು, ಆ ಮಾತನ್ನು ವಯಸ್ಸು ಮತ್ತು ಪಕ್ವತೆಗೆ ತಕ್ಕಂತೆ ಪರಿಗಣಿಸಬೇಕೆನ್ನುತ್ತದೆ. ನ್ಯಾಯಾಧೀಶರು ಕೊಠಡಿಗೆ ಕರೆದು ಮಾತಾಡಿಸಬಹುದು, ಇಲ್ಲವೇ ತಜ್ಞರಿಗೆ ವಹಿಸಬಹುದು. ಕಲಿಸಿಕೊಟ್ಟ ಮಾತು ಅವರಿಗೆ ಬೇಗ ಗೊತ್ತಾಗುತ್ತದೆ. ಏಳು ವರ್ಷದ ಮಗು "ಭಾವನಾತ್ಮಕ ಸ್ಥಿರತೆ" ಎಂದರೆ ಯಾರಿಗೆ ತಾನೆ ಗೊತ್ತಾಗದು.

ಇದಕ್ಕೆ ತಗುಲಿಕೊಂಡೇ ಇರುವ ಇನ್ನೊಂದು ವಿಷಯವೆಂದರೆ, ತಾಯಿಯೇ ಮಗುವಿನ ತಲೆ ಕೆಡಿಸುತ್ತಿದ್ದಾಳೆ ಎಂಬ ಆರೋಪ. ರಿಚರ್ಡ್ ಗಾರ್ಡ್ನರ್ ಎಂಬ ಅಮೆರಿಕದ ಮನೋವೈದ್ಯರು 1985ರಲ್ಲಿ ಇದಕ್ಕೊಂದು ರೋಗಲಕ್ಷಣದ ಹೆಸರು ಕೊಟ್ಟರು. ಆದರೆ ಮನೋರೋಗಗಳ ಪ್ರಮುಖ ಕೈಪಿಡಿ ಅದನ್ನು ರೋಗವೆಂದು ಅಂಗೀಕರಿಸಿಲ್ಲ, ಮತ್ತು ನಿಜವಾದ ಹಿಂಸೆಯನ್ನು ಮುಚ್ಚಿಹಾಕಲು ಆ ಹೆಸರನ್ನು ಬಳಸಿಕೊಂಡದ್ದೂ ಉಂಟೆಂಬ ಗಂಭೀರ ಟೀಕೆ ಅದರ ಮೇಲಿದೆ. ಮಗುವನ್ನು ನಿಮ್ಮಿಂದ ದೂರ ಮಾಡುವ ಪ್ರಯತ್ನ ನಿಜಕ್ಕೂ ನಡೆಯುತ್ತಿದ್ದರೆ, ದೊಡ್ಡ ಹೆಸರನ್ನು ಬಿಟ್ಟು ನಡೆದ ಘಟನೆಯನ್ನು ಹೇಳಿ: ಯಾವ ದಿನ ಫೋನು ತೆಗೆಯಲಿಲ್ಲ, ಯಾವ ಭೇಟಿ ಎಷ್ಟು ಹೊತ್ತಿಗೆ ಯಾವ ಕಾರಣ ಕೊಟ್ಟು ರದ್ದಾಯಿತು, ಮರುಭೇಟಿ ಕೇಳಿದ್ದಕ್ಕೆ ಏನು ಉತ್ತರ ಬಂತು. ನಿಮ್ಮ ಮೇಲೆ ಹಿಂಸೆಯ ಸುಳ್ಳು ಆರೋಪ ಬಂದರೂ ಕ್ರಮ ಇದೇ. ಪ್ರತಿ ಆರೋಪಕ್ಕೂ ದಿನಾಂಕವಾರು ಉತ್ತರ, ಮೇಲೆ ರಕ್ಷಣಾ ಆದೇಶವಿದ್ದರೆ ಅದರ ಅಕ್ಷರಶಃ ಪಾಲನೆ. ಸಂಬಂಧಿಕರ ಮೂಲಕ "ಒಂದು ಮಾತು ಹೇಳಿ ಕಳಿಸುವುದು" ಸಹ ಅದರ ಉಲ್ಲಂಘನೆಯಾಗಬಹುದು.

ಹಣದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಹೇಳುವುದು ಒಂದೇ ಇದೆ. ಮಗುವಿನ ಜೀವನಾಂಶ ಭೇಟಿಗೆ ತೆರುವ ಶುಲ್ಕವಲ್ಲ. ಭೇಟಿ ತಪ್ಪಿಸಿದರೆಂದು ಹಣ ನಿಲ್ಲಿಸಿದ ತಂದೆ, ಅಲ್ಲಿಯವರೆಗೆ ತನ್ನ ಕಡೆಗಿದ್ದ ನ್ಯಾಯವನ್ನು ತಾನೇ ಆ ಕಡೆಗೆ ದಾಟಿಸುತ್ತಾನೆ. ಕೆಲಸ ಹೋಯಿತೇ, ಸಂಬಳ ಇಳಿಯಿತೇ, ಬಾಕಿ ಬೆಳೆಯುವ ಮೊದಲೇ ಮೊತ್ತ ಬದಲಿಸಲು ಅರ್ಜಿ ಹಾಕಿ. ಕೈಗೆ ಕೊಡಬೇಡಿ, ಬ್ಯಾಂಕಿನ ಮೂಲಕ ಕೊಡಿ. ಆದಾಯ ಮುಚ್ಚಿಡಬೇಡಿ, ಆಸ್ತಿಯ ಪ್ರಮಾಣಪತ್ರದಲ್ಲಿ ಸಿಕ್ಕಿಬಿದ್ದ ಒಂದು ಸುಳ್ಳು, ಮಗುವಿನ ಬಗ್ಗೆ ನೀವು ಹೇಳಿದ ಎಲ್ಲ ನಿಜಗಳಿಗೂ ಮಸಿ ಬಳಿಯುತ್ತದೆ.

ಇನ್ನು, ಸುಪರ್ದಿ ಎಂಬ ಒಂದೇ ಪದದಲ್ಲಿ ಎರಡು ವಿಷಯಗಳು ಅಡಗಿವೆ: ಮಗು ಯಾರ ಮನೆಯಲ್ಲಿ ಮಲಗುತ್ತದೆ ಎಂಬುದು ಒಂದು, ಮಗುವಿನ ಶಾಲೆ, ಚಿಕಿತ್ಸೆ, ಪ್ರಯಾಣಗಳನ್ನು ಯಾರು ತೀರ್ಮಾನಿಸುತ್ತಾರೆ ಎಂಬುದು ಇನ್ನೊಂದು. ಇಂಗ್ಲೆಂಡಿನ 1989ರ ಮಕ್ಕಳ ಕಾಯಿದೆ ಸುಪರ್ದಿ ಎಂಬ ಪದವನ್ನೇ ಕೈಬಿಟ್ಟು, ಪಾಲಕ ಹೊಣೆ ಎಂಬುದನ್ನು ಬೇರೆಯಾಗಿ ನಿಲ್ಲಿಸಿದ್ದರ ಹಿಂದೆ ಈ ತಿಳಿವಳಿಕೆ ಇದೆ. ಮೊದಲನೆಯದರಲ್ಲಿ ಸೋತ ತಂದೆ ಎರಡನೆಯದನ್ನು ಕೇಳುವುದನ್ನೇ ಮರೆತು ಹೊರಬರುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಮಗುವಿನ ಅಂಕಪಟ್ಟಿ ನಿಮಗೂ ಬರಬೇಕು, ಆಸ್ಪತ್ರೆಯಿಂದ ನಿಮಗೂ ಕರೆ ಬರಬೇಕು ಎಂದು ಆದೇಶದಲ್ಲಿ ಬರೆಸಲು ಖರ್ಚೇನೂ ಇಲ್ಲ, ಆಮೇಲೆ ಅದನ್ನು ಪಡೆಯಲು ಹೊಸ ಮೊಕದ್ದಮೆಯೇ ಬೇಕು.

ನನ್ನ ಪ್ರಕರಣ ಕೊನೆಗೆ ತೀರ್ಮಾನವಾದದ್ದು ಮಧ್ಯಸ್ಥಿಕೆಯಲ್ಲಿ. ನನ್ನ ಮೊದಲ ವಕೀಲರು "ಅವರನ್ನು ನೆಲ ಕಚ್ಚಿಸೋಣ" ಎನ್ನುತ್ತಿದ್ದರು, ಕೇಳಲು ಹಿತವಾಗಿತ್ತು. ಎರಡನೆಯವರು ಮೊದಲ ಭೇಟಿಯಲ್ಲೇ ಮಗಳ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತದೆ, ಆ ಹೊತ್ತಿಗೆ ಕಚೇರಿಯಿಂದ ಬರಲು ನಿಮಗೆ ಅನುಮತಿ ಇದೆಯೇ ಎಂದು ಕೇಳಿದರು. ಎರಡನೆಯವರು ಬರೆದ ಒಪ್ಪಂದದಲ್ಲಿ "ಸಮಂಜಸವಾದ ಭೇಟಿ" ಎಂಬಂಥ ಪದಗಳು ಒಂದೂ ಇರಲಿಲ್ಲ, ಏಕೆಂದರೆ ಸಮಂಜಸ ಯಾವುದೆಂಬುದೇ ಮುಂದಿನ ಜಗಳ. ಬುಧವಾರ ಶಾಲೆ ಬಿಟ್ಟ ಗಳಿಗೆಯಿಂದ ಗುರುವಾರ ಶಾಲೆ ಶುರುವಾಗುವವರೆಗೆ, ಒಂದು ವಾರ ಬಿಟ್ಟು ಒಂದು ವಾರ ಶುಕ್ರವಾರದಿಂದ ಭಾನುವಾರ ಸಂಜೆ ಆರರವರೆಗೆ, ರಜೆಯ ಮೊದಲರ್ಧ ಸಮಸಂಖ್ಯೆಯ ವರ್ಷದಲ್ಲಿ ಇವರಿಗೆ, ಬೆಸಸಂಖ್ಯೆಯ ವರ್ಷದಲ್ಲಿ ಅವರಿಗೆ. ಮಗುವಿಗೆ ಜ್ವರ ಬಂದರೆ ಭೇಟಿ ರದ್ದೋ, ಜ್ವರದಲ್ಲೂ ತಂದೆ ನೋಡಿಕೊಳ್ಳಬಹುದೋ? ತಡವಾದರೆ ಎಷ್ಟು ನಿಮಿಷ ಕಾಯಬೇಕು? ವೀಡಿಯೊ ಕರೆ ಯಾರ ಫೋನಿಗೆ? ಇಷ್ಟು ಸಣ್ಣದನ್ನೂ ಬರೆಯಬೇಕೇ ಎಂದು ಮಧ್ಯಸ್ಥಗಾರರ ಮುಂದೆ ನಾನು ಗೊಣಗಿದ್ದೆ. ಆಮೇಲಿನ ವರ್ಷಗಳಲ್ಲಿ ನಾವು ಜಗಳವಾಡಿದ್ದು ಬರೆಯದೆ ಬಿಟ್ಟ ವಿಷಯಗಳಿಗೆ ಮಾತ್ರ.

ಮಗುವನ್ನು ಕೈಬದಲಿಸುವ ಜಾಗವನ್ನೂ ಯೋಚಿಸಿ ಆರಿಸಿ. ಮನೆಬಾಗಿಲಿಗಿಂತ ಶಾಲೆಯ ಗೇಟು ಎಷ್ಟೋ ಮೇಲು. ಒಬ್ಬರು ಬೆಳಿಗ್ಗೆ ಬಿಡುತ್ತಾರೆ, ಇನ್ನೊಬ್ಬರು ಸಂಜೆ ಕರೆದೊಯ್ಯುತ್ತಾರೆ, ಇಬ್ಬರೂ ಎದುರುಬದುರಾಗುವುದೇ ಇಲ್ಲ, ಮಗು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ನೋಡುತ್ತಾ ನಿಲ್ಲಬೇಕಾಗಿಯೂ ಇಲ್ಲ. ಹೇಳಿದ ಹೊತ್ತಿಗೆ ಬಾಗಿಲು ತೆರೆಯದಿದ್ದರೆ ಅಲ್ಲಿ ನಿಂತು ಕೂಗಾಡಬೇಡಿ. ಬಂದಿದ್ದೇನೆಂದು ಒಂದು ಸಂದೇಶ ಕಳಿಸಿ, ಒಪ್ಪಿದಷ್ಟು ಹೊತ್ತು ಕಾದು, ಹೊರಡುತ್ತಿದ್ದೇನೆಂದು ಇನ್ನೊಂದು ಸಂದೇಶ ಕಳಿಸಿ ಹಿಂದಿರುಗಿ. ಇಂಥವು ಮೂರು ನಾಲ್ಕು ಕೂಡಿದ ಮೇಲೆ ವಕೀಲರ ಮೂಲಕ ಆದೇಶದ ಜಾರಿಗೆ ಅರ್ಜಿ ಹಾಕಿ, ತಪ್ಪಿದ ದಿನಗಳಿಗೆ ಬದಲಿ ದಿನಗಳನ್ನೂ ಕೇಳಿ.

ಆದೇಶ ಕೈಗೆ ಬಂದ ಮೇಲೂ ಅದು ಕಲ್ಲಿನ ಮೇಲಿನ ಶಾಸನವಲ್ಲ. ಸನ್ನಿವೇಶ ಗಣನೀಯವಾಗಿ ಬದಲಾದರೆ ಸುಪರ್ದಿ ಮತ್ತು ಭೇಟಿಯ ಆದೇಶಗಳನ್ನು ಮಾರ್ಪಡಿಸಲು ನ್ಯಾಯಾಲಯಗಳಲ್ಲಿ ಅವಕಾಶವಿರುತ್ತದೆ. ಮೇಲ್ಮನವಿಗಿಂತ ಈ ದಾರಿಯೇ ಹೆಚ್ಚು ಫಲಕಾರಿ, ಏಕೆಂದರೆ ಕೆಳಗಿನ ನ್ಯಾಯಾಲಯ ಸಾಕ್ಷಿಗಳನ್ನು ಕಣ್ಣಾರೆ ಕಂಡು ಬಂದ ನಿರ್ಣಯವನ್ನು ಮೇಲಿನವರು ಸುಲಭಕ್ಕೆ ಕದಲಿಸುವುದಿಲ್ಲ. ಮಗಳಿಗೆ ಹತ್ತು ತುಂಬಿದಾಗ ನಾನು ಕೆಲಸದ ವೇಳೆಯನ್ನು ಬದಲಿಸಿಕೊಂಡಿದ್ದೆ, ಮನೆಯನ್ನು ಅವಳ ಶಾಲೆಯ ಹತ್ತಿರಕ್ಕೆ ತಂದಿದ್ದೆ, ಬುಧವಾರಗಳ ಜೊತೆಗೆ ಇನ್ನೊಂದು ದಿನ ಬೇಕೆಂದು ಅರ್ಜಿ ಹಾಕಿದೆ. ಮತ್ತೆ ಒಬ್ಬ ಆಪ್ತಸಮಾಲೋಚಕರು, ಮತ್ತೆ ಅಂಥದೇ ಪ್ರಶ್ನೆ. ಈ ಸಲ ಹಾಳೆಯ ಎರಡೂ ಬದಿ ತುಂಬಿತು. ಇನ್‌ಹೇಲರ್ ಬಲಗಡೆಯ ಜಾಲರಿ ಜೇಬಿನಲ್ಲಿರುತ್ತದೆ, ಒಂದು ಹೆಚ್ಚಿನದು ತರಗತಿಯ ಶಿಕ್ಷಕಿಯ ಮೇಜಿನ ಮೇಲಿನ ಡ್ರಾಯರಿನಲ್ಲಿದೆ ಎಂದೂ ಬರೆದೆ. ಮಂಗಳವಾರವನ್ನು ಕೊಟ್ಟರು.